ಬೀಸುವ ಕಲ್ಲು, ಊರ ಗಿರಣಿ

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಸ್ವಂತ ಬೀಸುವ ಕಲ್ಲಿಲ್ಲದ ಮನೆ ಮನೆಯೇ ಅಲ್ಲ. ಹಿಟ್ಟಿನ ಗಿರಣಿ ಊರಿಗೆ ಬಂದ ಹೊಸತರಲ್ಲಿ ಅಲ್ಲಿಗೆ ರಾಗಿ ಕೊಟ್ಟು ಕಳಿಸುವ ಹೆಂಗಸರನ್ನು ಮೈಗಳ್ಳಿಯರೆಂದು ಆಡಿಕೊಂಡವರುಂಟು. ಗಿರಣಿಯಲ್ಲಿ ಹಿಟ್ಟು ಬಿಸಿಯಾಗಿ ರುಚಿ ಕೆಡುತ್ತದೆಂದು ಮೂಗು ಮುರಿದವರುಂಟು. ಕೆಲವೇ ವರ್ಷಗಳಲ್ಲಿ ಮೂಗು ಮುರಿದವರ ಮನೆಯ ಕಲ್ಲೂ ಹಿತ್ತಿಲು ಸೇರಿತು. ಇದೇ ಜಂಬ, ಇದೇ ಮಾತು, ಇದೇ ಮುಖಭಂಗ ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರು ಎಣಿಸುವ ಗಂಡಸರ ನಡುವೆಯೂ ನಡೆದಿದೆ ಎಂದು ಓದಿದಾಗ ನನಗೆ ಮೊದಲು ನಗು ಬಂತು. ಓದುತ್ತ ಹೋದಂತೆ ನಗು ಕಡಿಮೆಯಾಯಿತು.

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು ನಾನು. ಕೈಗಾರಿಕಾ ಕ್ರಾಂತಿ ಎಂದರೆ ಜೇಮ್ಸ್ ವ್ಯಾಟ್, ನೂಲುವ ಯಂತ್ರ, ಮ್ಯಾಂಚೆಸ್ಟರಿನ ಹೊಗೆ ಎಂದು ಬೋರ್ಡಿನ ಮೇಲೆ ಬರೆದು ಮುಗಿಸುವ ಅಭ್ಯಾಸ ನಮಗೆ. ನಮ್ಮ ಕಣ್ಣೆದುರಿಗೇ ನಡೆದ ಕ್ರಾಂತಿಯನ್ನು ಪಾಠವೆಂದು ಯಾರೂ ಹೇಳಿಕೊಡುವುದಿಲ್ಲ. ಮಗನ ಲ್ಯಾಪ್‌ಟಾಪಿನ ಮೇಲೆ ಒಂದು ಪುಟ್ಟ ಚೀಟಿ ಅಂಟಿಸಿರುತ್ತದಲ್ಲ, ಒಂದರ ಮೇಲೆ ಇಂಟೆಲ್ ಎಂದು, ಇನ್ನೊಂದರ ಮೇಲೆ ಎಎಂಡಿ ಎಂದು? ಆ ಎರಡು ಚೀಟಿಗಳ ನಡುವಿನ ಐವತ್ತೈದು ವರ್ಷಗಳ ದಾಯಾದಿ ಜಗಳದ ಕಥೆ ಇದು.

ನಮ್ಮಲ್ಲಿ ಚಿಪ್ಪು ಎಂದರೆ ತೆಂಗಿನ ಚಿಪ್ಪು. ಕೈಗೆ ಚಿಪ್ಪು ಕೊಟ್ಟ ಎಂದರೆ ಮನೆ ಹಾಳು ಮಾಡಿದ ಎಂದೇ ಅರ್ಥ. ಕಂಪ್ಯೂಟರಿನ ಚಿಪ್ ಹಾಗಲ್ಲ. ಅದು ಉಗುರಿನಷ್ಟಗಲದ ಸಿಲಿಕಾನ್ ತುಂಡು. 1971ರಲ್ಲಿ ಇಂಟೆಲ್ ಮಾಡಿದ ಮೊದಲ ಮೈಕ್ರೋಪ್ರೊಸೆಸರಿನಲ್ಲಿ ಟ್ರಾನ್ಸಿಸ್ಟರ್ ಎಂಬ ಪುಟ್ಟ ಸ್ವಿಚ್ಚುಗಳು 2,300 ಇದ್ದವು. ಈಗ ದೊಡ್ಡ ಯಂತ್ರಗಳಿಗೆ ಹಾಕುವ ಚಿಪ್ಪಿನಲ್ಲಿ ಸಾವಿರ ಕೋಟಿಗಳ ಲೆಕ್ಕ. ಮಾಡುವ ಬಗೆ ನಮಗೆ ಅಪರಿಚಿತವೇನೂ ಅಲ್ಲ. ಕೊಬ್ಬರಿ ಮಿಠಾಯಿಯನ್ನು ತಟ್ಟೆಗೆ ಸುರಿದು ಚೌಕ ಚೌಕವಾಗಿ ಕೊಯ್ಯುತ್ತೇವಲ್ಲ, ಹಾಗೆಯೇ ಊಟದ ತಟ್ಟೆಯಷ್ಟು ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೆ ಮಾಡಿ ಆಮೇಲೆ ಕೊಯ್ಯುತ್ತಾರೆ. ಬಿಲ್ಲೆಗೆ ವೇಫರ್ ಎಂದು ಹೆಸರು. ಗೆರೆಗಳನ್ನು ಬೆಳಕಿನಿಂದ ಮೂಡಿಸಿ, ಆಮ್ಲದಲ್ಲಿ ಕೆತ್ತಿ, ಲೋಹ ತುಂಬಿ, ಮತ್ತೆ ಬೆಳಕು, ಮತ್ತೆ ಆಮ್ಲ. ಹೀಗೆ ನೂರಾರು ಹೆಜ್ಜೆ, ಎರಡು ಮೂರು ತಿಂಗಳ ಕೆಲಸ. ಎಲ್ಲೋ ಒಂದು ಧೂಳಿನ ಕಣ ಕೂತರೆ ಆ ಚೌಕ ಹಾಳು. ತಟ್ಟೆಯಲ್ಲಿ ಎಷ್ಟು ತುಂಡು ಸರಿಯಾಗಿ ಬಂದವು ಎಂಬುದರ ಮೇಲೆ ಲಾಭ ನಷ್ಟ ನಿಂತಿದೆ.

ಗೆರೆಗಳು ಸಣ್ಣದಾದಷ್ಟೂ ಅದೇ ತಟ್ಟೆಯಲ್ಲಿ ಹೆಚ್ಚು ತುಂಡು, ಪ್ರತಿ ತುಂಡಿಗೂ ಹೆಚ್ಚು ಶಕ್ತಿ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಗೆರೆಯನ್ನು ಇನ್ನಷ್ಟು ಸಣ್ಣ ಮಾಡಬೇಕು. ಅದಕ್ಕೆ ಹೊಸ ಯಂತ್ರ, ಹೊಸ ಕಟ್ಟಡ, ಹೊಸ ಸಾಲ. ಈ ಕಾರ್ಖಾನೆಗೆ ಫ್ಯಾಬ್ ಎನ್ನುತ್ತಾರೆ. ಒಳಗೆ ಕಾಲಿಡುವವರು ಅಡಿಯಿಂದ ಮುಡಿಯವರೆಗೆ ಬಿಳಿಯ ನಿಲುವಂಗಿ ತೊಡಬೇಕು. ಮುಖಕ್ಕೆ ಪೌಡರು ಸಲ್ಲದು. ಹಣೆಗೆ ಕುಂಕುಮ, ಮುಡಿಗೆ ಮಲ್ಲಿಗೆ ಎಂದರೆ ಬಾಗಿಲಲ್ಲೇ ತಡೆಯುತ್ತಾರೆ.

ಇನ್ನು ಜಗಳಕ್ಕೆ ಬರೋಣ. ಎರಡು ಕಂಪೆನಿಗಳಿಗೂ ತವರುಮನೆ ಒಂದೇ. 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್. ಅಲ್ಲಿಂದ 1968ರಲ್ಲಿ ಹೊರಬಿದ್ದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಇಂಟೆಲ್ ಕಟ್ಟಿದರು. ಇಬ್ಬರೂ ಹೆಸರಾಂತ ವಿಜ್ಞಾನಿಗಳು. ಹಣ ಕೊಡುವವರಿಗೆ ಅವರ ಹೆಸರೇ ಸಾಕಾಯಿತು. ಮರುವರ್ಷ, 1969ರ ಮೇ 1ರಂದು, ಅದೇ ಫೇರ್‌ಚೈಲ್ಡಿನ ಮಾರಾಟ ವಿಭಾಗದಲ್ಲಿದ್ದ ಜೆರ್ರಿ ಸ್ಯಾಂಡರ್ಸ್ ಏಳು ಜನ ಸಂಗಡಿಗರೊಂದಿಗೆ ಅಡ್ವಾನ್ಸ್ಡ್ ಮೈಕ್ರೋ ಡಿವೈಸಸ್ ಆರಂಭಿಸಿದ. ಅದೇ ಎಎಂಡಿ. ಈತ ವಿಜ್ಞಾನಿಯಲ್ಲ, ಮಾರುವವನು. ಷಿಕಾಗೊ ನಗರದಲ್ಲಿ ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದವನು. ಹದಿನೆಂಟರ ವಯಸ್ಸಿನಲ್ಲಿ ಬೀದಿಯ ಗುಂಪೊಂದು ಹೊಡೆದು ಹಾಕಿ, ಬದುಕುವುದಿಲ್ಲವೆಂದು ಪಾದ್ರಿಯನ್ನು ಕರೆಸಿ ಕೊನೆಯ ಪ್ರಾರ್ಥನೆಯನ್ನೂ ಮಾಡಿಸಿದ್ದರಂತೆ. ಬದುಕಿ ಎದ್ದವನು ಮುಂದೆ ಬೆಲೆಬಾಳುವ ಸೂಟು, ಕಾರುಗಳ ಶೋಕಿಗೆ ಹೆಸರಾದ.

ಮೊದಲ ಹದಿನೈದು ವರ್ಷ ಎಎಂಡಿಯದು ಓರಗಿತ್ತಿಯ ಪಾತ್ರ. ಇಂಟೆಲ್ ಮಾಡಿದ್ದನ್ನು ತಾನೂ ಮಾಡಿ ಕೊಡುವುದು. ಇದು ಕದಿಯುವ ವ್ಯವಹಾರವೇನೂ ಅಲ್ಲ. 1981ರಲ್ಲಿ ಐಬಿಎಂ ತನ್ನ ಮೇಜಿನ ಮೇಲಿನ ಕಂಪ್ಯೂಟರಿಗೆ ಇಂಟೆಲ್ ಚಿಪ್ಪನ್ನು ಆರಿಸಿಕೊಂಡಾಗ, ಒಬ್ಬನೇ ವರ್ತಕನನ್ನು ನಂಬಲಾರೆ, ಇನ್ನೊಬ್ಬನೂ ಅದೇ ಮಾಲು ಕೊಡುವಂತಿರಬೇಕು ಎಂದು ಹಟ ಹಿಡಿಯಿತು. ಹಾಲಿನವನೊಬ್ಬ ಬಾರದಿದ್ದರೆ ಎಂದು ಇನ್ನೊಬ್ಬನನ್ನೂ ಇಟ್ಟುಕೊಂಡಿರುವ ಗೃಹಿಣಿಗೆ ಈ ಬುದ್ಧಿಯನ್ನು ಹೇಳಿಕೊಡಬೇಕಾಗಿಲ್ಲ. ಹಾಗಾಗಿ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದವು. ಮೂರೇ ವರ್ಷಕ್ಕೆ ಮನಸ್ಸು ಮುರಿಯಿತು. 1985ರಲ್ಲಿ 386 ಎಂಬ ಚಿಪ್ಪು ಬಂದಾಗ ಇಂಟೆಲ್ ಅದರ ನಕ್ಷೆಯನ್ನು ಯಾರಿಗೂ ಕೊಡುವುದಿಲ್ಲ ಎಂದು ಬಾಗಿಲು ಹಾಕಿತು. ಮುಂದಿನದು ಪಂಚಾಯಿತಿ, ಕೋರ್ಟು, ಅಪೀಲು. ನಮ್ಮ ಜಮೀನಿನ ವ್ಯಾಜ್ಯಗಳಂತೆಯೇ ಎಳೆದು, 1995ರಲ್ಲಿ ರಾಜಿಯಾಗುವ ಹೊತ್ತಿಗೆ ಚಿಪ್ಪೇ ಹಳತಾಗಿತ್ತು. ಈ ನಡುವೆ 1991ರಲ್ಲಿ ಎಎಂಡಿ ಅದೇ ಬಗೆಯ ಚಿಪ್ಪನ್ನು ತಾನೇ ಮಾಡಿ, ಇಂಟೆಲ್‌ನದಕ್ಕಿಂತ ತುಸು ವೇಗವಾಗಿ ಓಡಿಸಿ, ಮಾರುಕಟ್ಟೆಗೆ ತಂದು ನಿಲ್ಲಿಸಿತ್ತು.

ಈ ಜಗಳದ ಪುಸ್ತಕಗಳಲ್ಲಿ ಹೆಂಗಸರ ಹೆಸರು ಹುಡುಕಿದರೆ ಬಹುಕಾಲ ಸಿಗುವುದಿಲ್ಲ. ಹೆಂಗಸರು ಮಾತ್ರ ಇದ್ದರು. 1972ರಲ್ಲಿ ಇಂಟೆಲ್ ಮತ್ತು ಎಎಂಡಿ ಎರಡೂ ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ, ಬಯಾನ್ ಲೆಪಾಸ್ ಎಂಬಲ್ಲಿ, ಜೋಡಣೆಯ ಕಾರ್ಖಾನೆ ತೆರೆದವು. ಅಮೆರಿಕದಲ್ಲಿ ಕೋರ್ಟು ಹತ್ತಿದವರು ಇಲ್ಲಿ ನೆರೆಹೊರೆ. ಹಳ್ಳಿಗಳಿಂದ ಬಂದ ಹದಿನೆಂಟು ಇಪ್ಪತ್ತರ ಹುಡುಗಿಯರು ಸಾಲಾಗಿ ಕೂತು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಕೂದಲಿಗಿಂತ ತೆಳುವಾದ ಚಿನ್ನದ ತಂತಿಯಿಂದ ಚಿಪ್ಪಿಗೆ ಕಾಲುಗಳನ್ನು ಬೆಸೆಯುತ್ತಿದ್ದರು. ಹೆಂಗಸರ ಬೆರಳು ನಾಜೂಕು, ತಾಳ್ಮೆ ಹೆಚ್ಚು ಎಂದು ಹೊಗಳಿ ಕೆಲಸಕ್ಕೆ ಕರೆದರು. ಇಂಥ ಹೊಗಳಿಕೆ ಬಂದಾಗ ಸಂಬಳದ ಚೀಟಿಯನ್ನೊಮ್ಮೆ ನೋಡಬೇಕು. ಅಮೆರಿಕದ ಕೂಲಿಯ ಒಂದು ಸಣ್ಣ ಪಾಲು ಕೊಟ್ಟರೆ ಸಾಕೆಂಬುದೇ ಅಲ್ಲಿಗೆ ಹೋದದ್ದರ ಕಾರಣ.

ಅಮೆರಿಕದ ಫ್ಯಾಬ್‌ಗಳ ಒಳಗೂ ಹೆಂಗಸರಿದ್ದರು. ಅಲ್ಲಿನ ಬಿಳಿಯ ನಿಲುವಂಗಿ ಚಿಪ್ಪನ್ನು ನಮ್ಮಿಂದ ಕಾಪಾಡಲು ಇತ್ತೇ ಹೊರತು ನಮ್ಮನ್ನು ರಾಸಾಯನಿಕದಿಂದ ಕಾಪಾಡಲು ಅಲ್ಲ. 1986ರಲ್ಲಿ ಮಸಾಚುಸೆಟ್ಸಿನ ಒಂದು ಕಾರ್ಖಾನೆಯ ಅಧ್ಯಯನ ಅಲ್ಲಿ ದುಡಿಯುವ ಹೆಂಗಸರಲ್ಲಿ ಗರ್ಭಪಾತ ಹೆಚ್ಚೆಂದು ತೋರಿಸಿತು. ಉದ್ಯಮದ ಸಂಘವೇ ಹಣ ಕೊಟ್ಟು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ದೊಡ್ಡ ಅಧ್ಯಯನ ಮಾಡಿಸಿತು. 1992ರಲ್ಲಿ ಬಂದ ಉತ್ತರವೂ ಅದೇ. ಗ್ಲೈಕಾಲ್ ಈಥರ್ ಎಂಬ ದ್ರಾವಕದ ಮೇಲೆ ಬೊಟ್ಟು ಬಿತ್ತು, ಅದನ್ನು ಕೈಬಿಡುತ್ತ ಬಂದರು. ಯಾವ ಕಂಪೆನಿ ಗೆದ್ದಿತು, ಯಾವುದು ಸೋತಿತು ಎಂದು ಲೆಕ್ಕ ಹಾಕುವವರು ಈ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತಾರೆ. ನನಗೆ ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಕೆನಿಸಿತು.

ಇಂಟೆಲ್ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ಪ್ರಸಂಗ 1985ರದು. ಅದುವರೆಗೆ ಅವರ ಮುಖ್ಯ ಕಸುಬು ಮೆಮೊರಿ ಚಿಪ್, ಅಂದರೆ ನೆನಪಿಡುವ ಚಿಪ್ಪು. ಜಪಾನಿನವರು ಅದನ್ನೇ ಹೆಚ್ಚು ಚೆನ್ನಾಗಿ, ಹೆಚ್ಚು ಅಗ್ಗವಾಗಿ ಮಾಡತೊಡಗಿದರು. ಆಗ ಆಂಡಿ ಗ್ರೋವ್, ಹಂಗೆರಿಯಿಂದ ನಿರಾಶ್ರಿತನಾಗಿ ಬಂದು ಇಂಟೆಲಿನಲ್ಲಿ ಮೇಲೇರಿದ ಮನುಷ್ಯ, ಮೂರ್ ಅವರನ್ನು ಕೇಳಿದನಂತೆ: ನಮ್ಮಿಬ್ಬರನ್ನೂ ಹೊರಗೆ ಹಾಕಿ ಬೇರೆಯವನನ್ನು ತಂದು ಕೂರಿಸಿದರೆ ಅವನೇನು ಮಾಡಿಯಾನು? ಮೆಮೊರಿ ಕಸುಬನ್ನು ಬಿಡುತ್ತಾನೆ ಎಂದರು ಮೂರ್. ಹಾಗಾದರೆ ನಾವೇ ಬಾಗಿಲಾಚೆ ಹೋಗಿ ಮತ್ತೆ ಒಳಗೆ ಬಂದು ಅದನ್ನು ಯಾಕೆ ಮಾಡಬಾರದು ಎಂದ ಗ್ರೋವ್. ಮಾಡಿದರು. ಸಾವಿರಾರು ಜನ ಕೆಲಸ ಕಳೆದುಕೊಂಡರು, 1986ರಲ್ಲಿ ಕಂಪೆನಿ 17 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು. ಆದರೆ ಮನೆ ಉಳಿಯಿತು.

ಆಮೇಲೆ ಇಂಟೆಲ್ ತನ್ನ ಕಾರ್ಖಾನೆಗಳನ್ನು ನಡೆಸಿದ ಶಿಸ್ತು ನೋಡಬೇಕು. ಒಂದು ಫ್ಯಾಬಿನಲ್ಲಿ ಪಾಕ ಕುದುರಿತೆಂದರೆ ಉಳಿದೆಲ್ಲ ಫ್ಯಾಬ್‌ಗಳೂ ಅದರ ಪಡಿಯಚ್ಚಾಗಬೇಕು. ಯಂತ್ರ ಅದೇ, ಕೊಳವೆ ಅದೇ, ಕೊಳವೆ ಎಲ್ಲಿ ಬಾಗುತ್ತದೋ ಅಲ್ಲೇ ಬಾಗಬೇಕು. ಯಾವುದರಿಂದ ರುಚಿ ಬಂತೆಂದು ಪೂರ್ತಿ ಗೊತ್ತಿಲ್ಲದಾಗ ಏನನ್ನೂ ಬದಲಿಸದಿರುವುದೇ ಜಾಣತನ. ಅತ್ತೆಯ ಮಾವಿನಮಿಡಿ ಉಪ್ಪಿನಕಾಯಿಯನ್ನು ಅದೇ ಭರಣಿಯಲ್ಲಿ, ಅದೇ ಅಳತೆಯ ಸೇರಿನಿಂದ ಉಪ್ಪು ಹಾಕಿ ಮಾಡುವ ಸೊಸೆಯ ಬುದ್ಧಿ ಇದು. ಈ ಶಿಸ್ತಿನಿಂದ ಇಂಟೆಲ್ ಎಎಂಡಿಗಿಂತ ಸುಮಾರು ಒಂದು ವರ್ಷ ಮುಂದೆಯೇ ಇರುತ್ತಿತ್ತು. ಒಳ್ಳೆಯ ನಕ್ಷೆ ಎಎಂಡಿಯ ಬಳಿ ಇದ್ದಾಗಲೂ ಒಳ್ಳೆಯ ಒಲೆ ಇಂಟೆಲ್ ಬಳಿ ಇರುತ್ತಿತ್ತು.

ಇದೇ ಕಾಲದಲ್ಲಿ ಊರ ಗಿರಣಿಯೂ ಹುಟ್ಟಿತು. ಮಾರಿಸ್ ಚಾಂಗ್ ಎಂಬಾತ ಚೀನಾದಲ್ಲಿ ಹುಟ್ಟಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನಲ್ಲಿ ಕಾಲು ಶತಮಾನ ದುಡಿದವರು. ಅಲ್ಲಿ ಮೇಲಿನ ಕುರ್ಚಿ ಸಿಗಲಿಲ್ಲ. ತೈವಾನ್ ಸರ್ಕಾರ ಕರೆದಾಗ ಹೋಗಿ, 1987ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಟಿಎಸ್‌ಎಂಸಿ ಎಂಬ ಕಾರ್ಖಾನೆ ಕಟ್ಟಿದರು. (ನಮ್ಮಲ್ಲಿ ಆ ವಯಸ್ಸಿಗೆ ಪಿಂಚಣಿಯ ಅರ್ಜಿಯ ಮಾತು ಶುರುವಾಗಿರುತ್ತದೆ.) ಅವರ ನಿಯಮ ಸರಳ: ನಾವು ನಮ್ಮ ಹೆಸರಿನ ಚಿಪ್ ಮಾಡುವುದಿಲ್ಲ, ಯಾರೇ ಕಾಳು ತನ್ನಿ, ಬೀಸಿ ಕೊಡುತ್ತೇವೆ. ಬಂಡವಾಳ ಕೇಳಿದಾಗ ಇಂಟೆಲ್ ಒಲ್ಲೆನೆಂದಿತು. ನೆದರ್ಲೆಂಡ್ಸಿನ ಫಿಲಿಪ್ಸ್ ಕೊಟ್ಟಿತು. ತಮಾಷೆಯೆಂದರೆ, ಆರಂಭದಲ್ಲಿ ತನ್ನ ಒಂದಿಷ್ಟು ಕೆಲಸ ಕೊಡುವ ಮುನ್ನ ಇಂಟೆಲ್ ಆ ಕಾರ್ಖಾನೆಯನ್ನು ತಪಾಸಣೆ ಮಾಡಿ ನೂರಾರು ಕುಂದುಗಳನ್ನು ಪಟ್ಟಿ ಮಾಡಿ ತಿದ್ದಿಸಿತು. ಮುಂದೆ ತನ್ನನ್ನೇ ಮೀರಿಸುವವರಿಗೆ ಪಾಠ ಹೇಳಿಕೊಟ್ಟ ಹಾಗಾಯಿತು.

ಕಾರ್ಖಾನೆಯಿಲ್ಲದ ಚಿಪ್ ಕಂಪೆನಿಗಳು ತಲೆಯೆತ್ತತೊಡಗಿದ ಆ ದಿನಗಳಲ್ಲಿ ಸ್ಯಾಂಡರ್ಸ್ ಆಡಿದ ಮಾತು ಜಗತ್ಪ್ರಸಿದ್ಧವಾಯಿತು: ನಿಜವಾದ ಗಂಡಸರ ಬಳಿ ಫ್ಯಾಬ್ ಇರುತ್ತದೆ! ಈ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ಗಣಿತದ ಟೀಚರು, ಗಂಡಸುತನವನ್ನು ಕಟ್ಟಡದಲ್ಲಿ ಅಳೆಯುವುದು ನಮ್ಮೂರಲ್ಲಿ ಮಾತ್ರ ಎಂದುಕೊಂಡಿದ್ದೆ ಎಂದರು.

ಆ ಮಾತಿಗೆ ತಕ್ಕಂತೆ ಎಎಂಡಿ ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ಸುಮಾರು 190 ಕೋಟಿ ಡಾಲರ್ ಖರ್ಚಿನ ಫ್ಯಾಬ್ ಕಟ್ಟಿತು. ಡ್ರೆಸ್ಡನ್ ಹಿಂದಿನ ಪೂರ್ವ ಜರ್ಮನಿಯ ಊರು. ಅಲ್ಲಿನ ಕಮ್ಯುನಿಸ್ಟ್ ಸರ್ಕಾರ 1988ರಲ್ಲಿ ತಾನೂ ಒಂದು ಮೆಗಾಬಿಟ್ ಚಿಪ್ ಮಾಡಿದೆನೆಂದು ಹೆಮ್ಮೆಯಿಂದ ತೋರಿಸಿಕೊಂಡಿತ್ತು. 1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಆ ಉದ್ಯಮ ಕುಸಿಯಿತು. ಕಲಿತ ಕೈಗಳು ಖಾಲಿ ಕೂತಿದ್ದವು. ಆ ಕೈಗಳಿಗೆ ಕೆಲಸ ಸಿಕ್ಕಿತು. ಚಿಪ್ಪಿನೊಳಗೆ ಅಲ್ಯೂಮಿನಿಯಂ ಬದಲು ತಾಮ್ರದ ಗೆರೆ ಹಾಕುವ ಹೊಸ ವಿದ್ಯೆಯನ್ನು ಅಲ್ಲಿ ಸಾಧಿಸಿದರು. 2000ದ ಮಾರ್ಚ್ 6ರಂದು ಎಎಂಡಿ ಸೆಕೆಂಡಿಗೆ ನೂರು ಕೋಟಿ ಬಾರಿ ಮಿಡಿಯುವ, ಒಂದು ಗಿಗಾಹರ್ಟ್ಸಿನ ಚಿಪ್ ಪ್ರಕಟಿಸಿತು. ಇಂಟೆಲ್ ತನ್ನದನ್ನು ಪ್ರಕಟಿಸಿದ್ದು ಮಾರ್ಚ್ 8ರಂದು. ಮೂವತ್ತು ವರ್ಷ ಹಿಂದೆ ನಡೆದವರು ಎರಡು ದಿನ ಮುಂದೆ ಬಂದರು. 2003ರಲ್ಲಿ ಆಪ್ಟೆರಾನ್ ಎಂಬ 64 ಬಿಟ್ ಚಿಪ್ ತಂದಾಗ ಮರುವರ್ಷ ಇಂಟೆಲ್ಲೇ ಆ ದಾರಿ ಹಿಡಿಯಬೇಕಾಯಿತು.

ಗೆದ್ದವರು ಉಳಿಯಬೇಕಿತ್ತಲ್ಲವೆ? ಇಲ್ಲಿಯೇ ಫ್ಯಾಬ್ ಕೊರಳಿಗೆ ಉರುಳಾದದ್ದು. ಗೆದ್ದ ಲಾಭವನ್ನೆಲ್ಲ ಮುಂದಿನ ಕಾರ್ಖಾನೆ ನುಂಗುತ್ತದೆ. ಡ್ರೆಸ್ಡನ್ನಿನಲ್ಲಿಯೇ ದೊಡ್ಡ ತಟ್ಟೆಯ, ಅಂದರೆ 300 ಮಿಲಿಮೀಟರ್ ವೇಫರಿನ ಇನ್ನೊಂದು ಫ್ಯಾಬಿಗೆ ಸುಮಾರು 240 ಕೋಟಿ ಡಾಲರ್. 2006ರಲ್ಲಿ ಎಟಿಐ ಎಂಬ ಚಿತ್ರಚಿಪ್ಪಿನ ಕಂಪೆನಿಯನ್ನು 540 ಕೋಟಿ ಡಾಲರಿಗೆ ಕೊಂಡು ಸಾಲ ಹೆಚ್ಚಿಸಿಕೊಂಡರು. ಅದೇ ವರ್ಷ ಇಂಟೆಲ್ ಕೋರ್ 2 ಬಂದು ಎಎಂಡಿಯ ಮೇಲ್ಮೆಯನ್ನು ಒರೆಸಿ ಹಾಕಿತು. 2007ರಲ್ಲಿ ಎಎಂಡಿಯ ಹೊಸ ಚಿಪ್ಪಿನಲ್ಲಿ ದೋಷ ಕಂಡಿತು. ಕಂಪ್ಯೂಟರ್ ಮಾಡುವವರಿಗೆ ರಿಯಾಯಿತಿಯ ಆಸೆ ತೋರಿಸಿ ಇಂಟೆಲ್ ಅವರನ್ನು ಕಟ್ಟಿಹಾಕಿದೆ ಎಂಬ ದೂರೂ ಇತ್ತು; ಅದರ ರಾಜಿಗಾಗಿ 2009ರಲ್ಲಿ ಇಂಟೆಲ್ 125 ಕೋಟಿ ಡಾಲರ್ ತೆತ್ತಿತು. ಆದರೆ ಆ ಹಣ ಬರುವ ಹೊತ್ತಿಗೆ ಎಎಂಡಿ ಬೀಸುವ ಕಲ್ಲನ್ನು ಮಾರಿಯಾಗಿತ್ತು.

ಸ್ಯಾಂಡರ್ಸ್ ನಂತರ ಬಂದವರು ಹೆಕ್ಟರ್ ರೂಯಿಜ್. ಮೆಕ್ಸಿಕೊದ ಗಡಿಯೂರಿನ ಹುಡುಗ. ದಿನಾ ಗಡಿ ದಾಟಿ ಅಮೆರಿಕದ ಹೈಸ್ಕೂಲಿಗೆ ನಡೆದುಹೋಗಿ ಓದಿದವರು. ಅವರ ಕಾಲದಲ್ಲಿ ಕುದುರಿದ ಯೋಜನೆಯಂತೆ 2009ರ ಮಾರ್ಚಿನಲ್ಲಿ ಡ್ರೆಸ್ಡನ್ ಕಾರ್ಖಾನೆಗಳು ಬೇರೆ ಕಂಪೆನಿಯಾದವು, ಅಬುಧಾಬಿಯ ಎಣ್ಣೆಯ ಹಣ ಅದಕ್ಕೆ ಒಡೆಯನಾಯಿತು. ಹೊಸ ಹೆಸರು ಗ್ಲೋಬಲ್ ಫೌಂಡ್ರೀಸ್. ಯಂತ್ರ ಅದೇ, ಕೆಲಸಗಾರರು ಅವರೇ, ಎದೆಯ ಮೇಲಿನ ಬಿಲ್ಲೆ ಮಾತ್ರ ಬೇರೆ.

ಇದನ್ನು ಈಗಿನ ವ್ಯಾಪಾರದ ಪುಸ್ತಕಗಳು ದೂರದೃಷ್ಟಿ ಎನ್ನುತ್ತವೆ. ನನಗೆ ಹಾಗೆ ತೋರುವುದಿಲ್ಲ. ಒಡವೆ ಮಾರಿದವಳಿಗೆ ಬೆಲೆ ಇಳಿಯುತ್ತದೆಂದು ಮೊದಲೇ ಗೊತ್ತಿತ್ತು ಎನ್ನುವಂತಿದೆ ಈ ಮಾತು. ಎಎಂಡಿ ಫ್ಯಾಬ್ ಮಾರಿದ್ದು ಬಡತನಕ್ಕೆ. ಮಾರಿಯೂ ಬಿಡುಗಡೆಯಾಗಲಿಲ್ಲ: ಇಷ್ಟು ವೇಫರನ್ನು ಹಳೆಯ ಮನೆಯಲ್ಲೇ ಮಾಡಿಸಬೇಕೆಂದು ಕರಾರಿತ್ತು, ಕೊಳ್ಳದಿದ್ದರೆ ದಂಡ. 2012ರಲ್ಲಿ ಆ ಕರಾರು ಸಡಿಲಿಸಿಕೊಳ್ಳಲು ಕೋಟಿಗಟ್ಟಲೆ ಡಾಲರ್ ತೆರಬೇಕಾಯಿತು. 2013ರಲ್ಲಿ ಆಸ್ಟಿನ್ ನಗರದ ತನ್ನ ಕಚೇರಿಯನ್ನೇ ಮಾರಿ ಅದರಲ್ಲೇ ಬಾಡಿಗೆಗೆ ಕೂತರು. 2015ರಲ್ಲಿ ಷೇರಿನ ಬೆಲೆ ಎರಡು ಡಾಲರಿಗೂ ಕೆಳಗಿತ್ತು, ಆ ವರ್ಷದ ನಷ್ಟ 66 ಕೋಟಿ ಡಾಲರ್.

ಅಂಥ ಮನೆಗೆ ಯಜಮಾನಿಯಾಗಿ 2014ರ ಅಕ್ಟೋಬರಿನಲ್ಲಿ ಬಂದವರು ಲೀಸಾ ಸೂ. ಮನೆ ದಿವಾಳಿಯ ಅಂಚಿಗೆ ಬಂದಾಗಲೇ ಕೀಲಿಕೈ ಹೆಂಗಸಿನ ಕೈಗೆ ಬರುವುದು ಹೊಸದೇನಲ್ಲ. ಎಎಂಡಿ ಹುಟ್ಟಿದ 1969ರಲ್ಲೇ ತೈವಾನಿನಲ್ಲಿ ಹುಟ್ಟಿ, ಮೂರರ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋದವರು. ಎಂಐಟಿಯಲ್ಲಿ ಡಾಕ್ಟರೇಟ್ ಮಾಡಿ, ಐಬಿಎಂನಲ್ಲಿ ತಾಮ್ರದ ಗೆರೆಯ ವಿದ್ಯೆಯನ್ನು ಕಾರ್ಖಾನೆಗೆ ಇಳಿಸಿದವರಲ್ಲಿ ಒಬ್ಬರು. ಹತ್ತಾರು ಕಡೆ ಕೈ ಹಾಕುವುದನ್ನು ಬಿಟ್ಟು ಒಂದೇ ಹೊಸ ನಕ್ಷೆಗೆ ಇದ್ದಬದ್ದ ಹಣ ಸುರಿಸಿದರು. ಜೆನ್ ಎಂಬ ಆ ನಕ್ಷೆಯ ಚಿಪ್ 2017ರಲ್ಲಿ ಬಂತು. ಅವರ ತಂಡದ ಇನ್ನೊಂದು ಉಪಾಯ ನಮ್ಮ ಅಡಿಗೆಮನೆಯ ಲೆಕ್ಕದಂತೆಯೇ ಇದೆ. ಮಿಠಾಯಿಯನ್ನು ದೊಡ್ಡ ದೊಡ್ಡ ತುಂಡಾಗಿ ಕೊಯ್ದರೆ ಒಂದು ಕಲ್ಲು ಸಿಕ್ಕರೂ ದೊಡ್ಡ ತುಂಡೇ ದಂಡ. ಸಣ್ಣ ತುಂಡಾದರೆ ನಷ್ಟ ಸಣ್ಣದು. ಒಂದು ದೊಡ್ಡ ಚಿಪ್ಪಿನ ಬದಲು ಹಲವು ಸಣ್ಣ ಚಿಪ್‌ಗಳನ್ನು ಮಾಡಿ ಪಕ್ಕಪಕ್ಕದಲ್ಲಿ ಬೆಸೆದರು. 2018ರ ಆಗಸ್ಟಿನಲ್ಲಿ ಗ್ಲೋಬಲ್ ಫೌಂಡ್ರೀಸ್, 7 ನ್ಯಾನೋಮೀಟರ್ ಎಂಬ ಮುಂದಿನ ಹೆಜ್ಜೆಗೆ ಬೇಕಾದ ಖರ್ಚು ನಮ್ಮಿಂದಾಗದು ಎಂದು ಕೈಚೆಲ್ಲಿತು. ಎಎಂಡಿ ತೈವಾನಿನ ಗಿರಣಿಯ ಮುಂದೆ ಸಾಲಿನಲ್ಲಿ ನಿಂತಿತು. 2019ರಲ್ಲಿ ಅಲ್ಲಿಂದ ಬಂದ ಚಿಪ್‌ಗಳು, ನಾಲ್ಕು ದಶಕದಲ್ಲಿ ಮೊದಲ ಬಾರಿಗೆ ಎನ್ನಬಹುದು, ಇಂಟೆಲ್ ಒಲೆಗಿಂತ ಒಳ್ಳೆಯ ಒಲೆಯಲ್ಲಿ ಬೆಂದವು.

ಇಂಟೆಲಿಗೆ ಏನಾಗಿತ್ತು? ಅವರ 10 ನ್ಯಾನೋಮೀಟರ್ ಪಾಕ ಕುದುರಲಿಲ್ಲ, ಅಷ್ಟೆ. (ಒಂದು ಕೂದಲಿನ ದಪ್ಪ ಎಂಬತ್ತು ಸಾವಿರ ನ್ಯಾನೋಮೀಟರಿನಷ್ಟು. 10, 7 ಎಂಬುವು ಈಗ ಬರಿಯ ಹೆಸರುಗಳು. ಒಬ್ಬರ 10 ಇನ್ನೊಬ್ಬರ 7ಕ್ಕೆ ಸುಮಾರು ಸಮ.) 2016ರ ಹೊತ್ತಿಗೆ ಬರಬೇಕಿದ್ದದ್ದು ಹೇಳಿಕೊಳ್ಳುವ ಪ್ರಮಾಣದಲ್ಲಿ ಬಂದದ್ದು 2019ರಲ್ಲಿ. ಒಂದೇ ಜಿಗಿತಕ್ಕೆ ಗೆರೆಗಳನ್ನು ಎರಡೂವರೆ ಪಟ್ಟಿಗೂ ಹೆಚ್ಚು ಒತ್ತಾಗಿ ಕೂರಿಸಲು ಹೊರಟರು, ಹೊಸ ಲೋಹಗಳನ್ನು ತಂದರು, ಹಳೆಯ ಬೆಳಕಿನಲ್ಲೇ ಒಂದೇ ಗೆರೆಯನ್ನು ಮೂರು ನಾಲ್ಕು ಬಾರಿ ತಿದ್ದಿ ಮೂಡಿಸಲು ನೋಡಿದರು. ಪ್ರತಿ ತಿದ್ದುವಿಕೆಗೂ ಕೆಟ್ಟ ತುಂಡುಗಳು ಹೆಚ್ಚಾದವು. ಹೊಸ ಬೆಳಕು ಇರಲಿಲ್ಲವೆ? ಇತ್ತು. ನೆದರ್ಲೆಂಡ್ಸಿನ ಎಎಸ್‌ಎಂಎಲ್ ಕಂಪೆನಿಯ ಯಂತ್ರ. ತವರದ ಹನಿಗಳನ್ನು ಸೆಕೆಂಡಿಗೆ ಐವತ್ತು ಸಾವಿರದಂತೆ ಉದುರಿಸಿ ಲೇಸರಿನಿಂದ ಹೊಡೆದು ಬೆಳಕು ಹುಟ್ಟಿಸುತ್ತದೆ. ಆ ಯಂತ್ರ ಸಿದ್ಧವಾಗಲೆಂದು 2012ರಲ್ಲಿ ನೂರಾರು ಕೋಟಿ ಡಾಲರ್ ಹೂಡಿದವರಲ್ಲಿ ಇಂಟೆಲ್ ಮುಂದಿತ್ತು. ಮೊದಲು ಬಳಸಿ ಪಳಗಿದವರು ಮಾತ್ರ ತೈವಾನಿನವರು ಮತ್ತು ಕೊರಿಯಾದವರು. ಇಂಟೆಲ್ ಚಿಪ್‌ಗಳು ಆ ಬೆಳಕಿನಲ್ಲಿ ಬಂದದ್ದು 2023ರಲ್ಲಿ.

ಇನ್ನೊಂದು ಕಾರಣವೂ ಇದೆ. ಆಪಲ್ ಕಂಪೆನಿ ಐಫೋನ್ ಮಾಡುವಾಗ ಅದರ ಚಿಪ್ಪನ್ನು ಮಾಡಿಕೊಡುವಿರಾ ಎಂದು ಇಂಟೆಲನ್ನು ಕೇಳಿತ್ತು. ಆಪಲ್ ಕೊಡುವ ಬೆಲೆ ಗಿಟ್ಟದೆಂದು ಆಗಿನ ಮುಖ್ಯಸ್ಥ ಪಾಲ್ ಒಟೆಲಿನಿ ಬೇಡವೆಂದರು. 2013ರಲ್ಲಿ ಕುರ್ಚಿ ಬಿಡುವಾಗ ಅದನ್ನು ಅವರೇ ಹೇಳಿಕೊಂಡರು. ಕೋಟಿ ಕೋಟಿ ಫೋನುಗಳ ಕಾಳು ಕೊನೆಗೆ ತೈವಾನಿನ ಗಿರಣಿಗೆ ಹೋಯಿತು. ದಿನವಿಡೀ ಬೀಸುವ ಗಿರಣಿಯವನಿಗೆ ಕಲ್ಲಿನ ಸದ್ದಿನಿಂದಲೇ ಹಿಟ್ಟಿನ ನಯ ಗೊತ್ತಾಗುತ್ತದೆ. ಒಂದು ಮನೆಯ ಕಾಳನ್ನಷ್ಟೇ ಬೀಸುವವಳು ಎಷ್ಟೇ ಜಾಣೆಯಾದರೂ ಆ ಅನುಭವ ಎಲ್ಲಿಂದ ತಂದಾಳು?

2022ರ ಫೆಬ್ರವರಿಯಲ್ಲಿ ಷೇರುಪೇಟೆಯ ಲೆಕ್ಕದಲ್ಲಿ ಎಎಂಡಿ ಮೊದಲ ಬಾರಿ ಇಂಟೆಲನ್ನು ದಾಟಿತು. 2024ರಲ್ಲಿ ಇಂಟೆಲ್ ಸುಮಾರು 1,880 ಕೋಟಿ ಡಾಲರ್ ನಷ್ಟ ತೋರಿಸಿತು. ಹದಿನೈದು ಸಾವಿರ ಜನರನ್ನು ಕಳಿಸುವುದಾಗಿ ಆಗಸ್ಟಿನಲ್ಲಿ ಹೇಳಿದ ಮುಖ್ಯಸ್ಥ ಪ್ಯಾಟ್ ಗೆಲ್ಸಿಂಗರ್ ಡಿಸೆಂಬರಿನಲ್ಲಿ ತಾವೇ ಹೋದರು. ಅದೇ ವರ್ಷ ಬಂದ ಇಂಟೆಲ್ ಲ್ಯಾಪ್‌ಟಾಪ್ ಚಿಪ್ಪೊಂದರ ಮುಖ್ಯ ಭಾಗ ತಯಾರಾದದ್ದು ಎಲ್ಲಿ ಬಲ್ಲಿರಾ? ಟಿಎಸ್‌ಎಂಸಿಯಲ್ಲಿ. ಅತ್ತೆಯ ಭರಣಿಯ ಮನೆಯವರೂ ಗಿರಣಿಯ ಸಾಲಿಗೆ ಬಂದರು.

ಇದರಲ್ಲಿ ನಮ್ಮ ಪಾಲೇನು ಎಂದು ಕೇಳುವವರಿಗೆ: ಬೆಂಗಳೂರಿನಲ್ಲಿ ಎರಡೂ ಕಂಪೆನಿಗಳ ದೊಡ್ಡ ಕಚೇರಿಗಳಿವೆ. 2008ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರುಗಳ ಜಿಯಾನ್ ಚಿಪ್ಪಿನ ನಕ್ಷೆ ಸಿದ್ಧವಾದದ್ದು ಬೆಂಗಳೂರಿನಲ್ಲಿಯೇ. ಎಎಂಡಿ 2023ರ ನವೆಂಬರಿನಲ್ಲಿ ಅಲ್ಲಿ ತೆರೆದದ್ದು ತನ್ನ ವಿನ್ಯಾಸ ಕೇಂದ್ರಗಳಲ್ಲೆಲ್ಲ ದೊಡ್ಡದೆಂದು ಹೇಳಿಕೊಂಡಿತು. ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಇಂಥದೇ ಕಡೆ ಕೆಲಸಕ್ಕಿದ್ದಾಳೆ. ಊರಿಗೆ ಬಂದಾಗ, ನೀನು ಮಾಡುವ ಚಿಪ್ಪನ್ನು ಒಮ್ಮೆ ತೋರಿಸೇ ಎಂದೆ. ನಾನು ಬರೀ ಗೆರೆ ಎಳೆಯುವವಳು ಟೀಚರ್, ಫ್ಯಾಬಿನ ಒಳಗೆ ಕಾಲೇ ಇಟ್ಟಿಲ್ಲ ಎಂದಳು. ಸಂಕಟವೇನೂ ಇರಲಿಲ್ಲ ಅವಳ ದನಿಯಲ್ಲಿ. ನನಗೇ ಸ್ವಲ್ಪ ಕಸಿವಿಸಿಯಾಯಿತು.

ಅಮೆರಿಕಕ್ಕೂ ಈಗ ಕಸಿವಿಸಿ ಶುರುವಾಗಿದೆ. ಅತಿ ನಯವಾದ ಹಿಟ್ಟಿಗೆ ಜಗತ್ತೆಲ್ಲ ಒಂದು ದ್ವೀಪದ ಗಿರಣಿಯನ್ನೇ ನೆಚ್ಚಿದೆ. ಆ ದ್ವೀಪ ನನ್ನದೆಂದು ಚೀನಾ ಹೇಳುತ್ತಲೇ ಇದೆ. ಐಬಿಎಂನವರು 1981ರಲ್ಲಿ ಎರಡನೆಯ ಹಾಲಿನವನನ್ನು ಕೇಳಿದ್ದು ಈಗ ಸರ್ಕಾರಗಳಿಗೆ ನೆನಪಾಗಿದೆ. 2025ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರವೇ ಇಂಟೆಲಿನ ಹತ್ತನೆಯ ಒಂದು ಪಾಲನ್ನು ತೆಗೆದುಕೊಂಡಿತು, ಆ ದೇಶದಲ್ಲಿ ಇಂಥದ್ದು ಅಪರೂಪ. ಮಲೇಷ್ಯಾದಲ್ಲಿ ಹುಟ್ಟಿದ ಲಿಪ್-ಬು ತಾನ್ ಅದೇ ವರ್ಷ ಇಂಟೆಲ್ ಮುಖ್ಯಸ್ಥರಾಗಿದ್ದರು.

ಅರಿಝೋನಾ ರಾಜ್ಯದ ಮರುಭೂಮಿಯಲ್ಲಿ, ಫೀನಿಕ್ಸ್ ನಗರದ ದಕ್ಷಿಣಕ್ಕೆ ಚಾಂಡ್ಲರ್ ಎಂಬಲ್ಲಿ ಇಂಟೆಲ್ ತನ್ನ ಹೊಸ ಫ್ಯಾಬ್ ಎಬ್ಬಿಸಿದೆ. ಅಲ್ಲಿನ ಎರಡು ಫ್ಯಾಬ್‌ಗಳಿಗೆಂದು 2021ರಲ್ಲಿ ಹೇಳಿದ ಮೊತ್ತ 2,000 ಕೋಟಿ ಡಾಲರ್. ಅದರಲ್ಲೊಂದು ಕೆಲಸ ಆರಂಭಿಸಿದೆಯೆಂದು 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಅದೇ ಫೀನಿಕ್ಸಿನ ಉತ್ತರಕ್ಕೆ ಟಿಎಸ್‌ಎಂಸಿಯೂ ಬಂದಿದೆ. ಎಎಂಡಿ ತನ್ನ ಒಂದಿಷ್ಟು ಚಿಪ್‌ಗಳನ್ನು ಅಲ್ಲಿ ಮಾಡಿಸುವುದಾಗಿ ಹೇಳಿದೆ. ಎರಡರ ನಡುವೆ ಕಾರಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಮಳೆ ಅಪರೂಪವಾದ ಆ ನೆಲದಲ್ಲಿ, ವೇಫರ್ ತೊಳೆಯಲು ಇಬ್ಬರಿಗೂ ದಿನವೂ ಬೆಟ್ಟದಷ್ಟು ನೀರು ಬೇಕು.